ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಪಾಠ, ಸಂಶೋಧನೆ ಎರಡನ್ನೂ ಮಾಡುವವರ ಬದುಕು ಹೇಗಿರುತ್ತದೆ?

ನೀವು ಕೇಳಿರುವುದು ಎರಡು ವಿಷಯ. ಈ ಕೆಲಸ ದಿನನಿತ್ಯ ಹೇಗಿರುತ್ತದೆ, ಮತ್ತು ಪಾಠ ಮಾಡುತ್ತಾ ಸಂಶೋಧನೆ ಮಾಡಿದರೆ ಎರಡೂ ಅರ್ಧಂಬರ್ಧ ಆಗುವುದಿಲ್ಲವೇ ಅಂತ. ನಾನು ಇದೇ ಕೆಲಸದಲ್ಲಿದ್ದೇನೆ. ಎರಡನೆಯದಕ್ಕೆ ಮೊದಲು ಉತ್ತರ: ಆಗುವುದಿಲ್ಲ. ಪಾಠ ಮಾಡದೇ ಇದ್ದಿದ್ದರೆ ನನ್ನ ಸಂಶೋಧನೆ ಇಷ್ಟು ಗಟ್ಟಿಯಾಗಿರುತ್ತಿರಲಿಲ್ಲ.

ಮೆಡಿಸಿನಲ್ ಕೆಮಿಸ್ಟ್ರಿ ಅಂದರೆ ಔಷಧವಾಗಬಲ್ಲ ಅಣುಗಳನ್ನು ರೂಪಿಸಿ ತಯಾರಿಸುವ ರಸಾಯನಶಾಸ್ತ್ರ. ಕೆಲಸ ಇಷ್ಟು. ಒಂದು ಅಣು ದೇಹದ ಯಾವುದೋ ಪ್ರೋಟೀನಿನ ಮೇಲೆ ಅಲ್ಪಸ್ವಲ್ಪ ಪರಿಣಾಮ ಮಾಡುತ್ತದೆ ಅಂತ ಗೊತ್ತಾಗುತ್ತದೆ. ಅದರ ಒಂದೊಂದೇ ಭಾಗ ಬದಲಿಸಿ ನೋಡುತ್ತಾ ಹೋಗುತ್ತೇವೆ. ಲಿವರ್ ಅದನ್ನು ಬೇಗ ಒಡೆದುಹಾಕುತ್ತಿದ್ದರೆ, ಒಡೆಯುವ ಜಾಗದಲ್ಲಿ ಹೈಡ್ರೋಜನ್ ತೆಗೆದು ಫ್ಲೋರಿನ್ ಕೂರಿಸುತ್ತೇವೆ. ಆಗ ಅಣು ಜಾಸ್ತಿ ಹೊತ್ತು ಉಳಿಯಬಹುದು, ಆದರೆ ನೀರಿನಲ್ಲಿ ಕರಗುವುದು ಕಡಿಮೆಯಾಗಬಹುದು. ಒಂದು ಸರಿಹೋದರೆ ಇನ್ನೊಂದು ಕೈಕೊಡುತ್ತದೆ.

ಲ್ಯಾಬಿನಲ್ಲಿ ಕಳೆಯುವ ಹೊತ್ತಿನಲ್ಲಿ ಹೆಚ್ಚಿನ ಪಾಲು ಶುದ್ಧ ಮಾಡುವುದಕ್ಕೇ ಹೋಗುತ್ತದೆ. ಟಿಎಲ್‌ಸಿ ಪ್ಲೇಟನ್ನು (ಮಿಶ್ರಣದಲ್ಲಿರುವುದನ್ನು ಚುಕ್ಕೆಗಳಾಗಿ ಬೇರೆ ಮಾಡಿ ತೋರಿಸುವ ಹಲಗೆ) ಯುವಿ ದೀಪದ ಕೆಳಗೆ ಹಿಡಿದರೆ ಎರಡು ಚುಕ್ಕೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಅವನ್ನು ಬೇರೆ ಮಾಡಲು ಕಾಲಂ (ಪುಡಿ ತುಂಬಿದ ಗಾಜಿನ ಕೊಳವೆ) ಹಾಕಿ ಗಂಟೆಗಟ್ಟಲೆ ನಿಂತು ಟ್ಯೂಬ್ ಬದಲಿಸಬೇಕು, ಅಷ್ಟು ಮಾಡಿದ ಮೇಲೂ ಫ್ಲಾಸ್ಕಿನಲ್ಲಿ ಹರಳಾಗದೆ ಎಣ್ಣೆಯಂಥದ್ದು ಉಳಿದರೆ ಗಾಜಿನ ಕಡ್ಡಿಯಿಂದ ಒಳಗೋಡೆ ಗೀಚುತ್ತಾ ಕಾಯಬೇಕು. ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸುವ ಪರೀಕ್ಷೆ) 4.12ರ ಹತ್ತಿರ ನಾಲ್ಕು ಗೆರೆ ಕಂಡರೆ, ಶುದ್ಧ ಮಾಡಲು ಬಳಸಿದ ದ್ರಾವಕ ಈಥೈಲ್ ಅಸಿಟೇಟ್ ಇನ್ನೂ ಹೋಗಿಲ್ಲ ಅಂತ. ಅದನ್ನು ಎಳೆದು ತೆಗೆಯಲು ಮತ್ತೆ ನಿರ್ವಾತ ಪಂಪಿಗೆ. ಹೊಸ ವಿದ್ಯಾರ್ಥಿಗಳಿಗೆ ಇದು ಬೇಜಾರಿನ ಕೆಲಸ ಅನ್ನಿಸುತ್ತದೆ. ನನಗೆ ಇವತ್ತಿಗೂ ಇಷ್ಟ.

ಪಾಠದ ವಿಷಯಕ್ಕೆ ಬರುತ್ತೇನೆ. ನಾನು ತುಂಬಾ ಖುಷಿಯಿಂದ ಹೇಳಿಕೊಡುವುದು ಹೊಟ್ಟೆಹುಣ್ಣಿನ ಔಷಧ ಸಿಮೆಟಿಡಿನ್ ಕಥೆ. ಹೊಟ್ಟೆಯ ಆಮ್ಲ ತಗ್ಗಿಸಲು ಆಮ್ಲ ಸುರಿಸಲು ದೇಹದಲ್ಲಿ ಸೂಚನೆ ಕೊಡುವ ಹಿಸ್ಟಮಿನ್ ಅಣುವನ್ನೇ ತಿದ್ದಿ ಅದಕ್ಕೆ ತಡೆ ಹಾಕುವ ಅಣು ಮಾಡೋಣ ಅಂತ ಒಂದು ಔಷಧ ಕಂಪನಿಯಲ್ಲಿದ್ದ ಔಷಧಶಾಸ್ತ್ರಜ್ಞ ಜೇಮ್ಸ್ ಬ್ಲ್ಯಾಕ್ ತಂಡ 1964ರಲ್ಲಿ ಹೊರಟಿತು. ವರ್ಷಗಳ ಕೆಲಸದ ಮೇಲೆ ಬ್ಯೂರಿಮಮೈಡ್ ಬಂತು, ಆದರೆ ಬಾಯಿಂದ ಕೊಟ್ಟರೆ ಸಾಕಷ್ಟು ಕೆಲಸ ಮಾಡಲಿಲ್ಲ. ಆಮೇಲೆ ಬಂದ ಮೆಟಿಯಮೈಡ್ ಚೆನ್ನಾಗಿತ್ತು, ಆದರೆ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣ ಇಳಿದವು. ಅದರಲ್ಲಿದ್ದ, ಸಲ್ಫರ್ ಇರುವ ಥಯೋಯೂರಿಯಾ ಗುಂಪಿನ ಮೇಲೆ ಅನುಮಾನ ಬಂತು.

ಇಲ್ಲಿ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ರಿ ಅಂತ ಕ್ಲಾಸಿಗೆ ಕೇಳುತ್ತೇನೆ. ಸಲ್ಫರ್ ತೆಗೆದು ಆಕ್ಸಿಜನ್ ಹಾಕೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಆ ಅಣುವಿನ ಶಕ್ತಿ ಕಡಿಮೆ. ಹಾಗಾದರೆ ನೈಟ್ರೋಜನ್? ಅದು ಗ್ವಾನಿಡಿನ್ ಅನ್ನುವ ಗುಂಪಾಗುತ್ತದೆ, ತುಂಬಾ ಪ್ರತ್ಯಾಮ್ಲ, ದೇಹದಲ್ಲಿ ಪ್ರೋಟಾನ್ ಹಿಡಿದು ಕೂರುತ್ತದೆ. ಆ ನೈಟ್ರೋಜನ್ ಮೇಲೆ ಒಂದು ಸೈಯನೋ (ಕಾರ್ಬನ್-ನೈಟ್ರೋಜನ್) ಗುಂಪು ಕೂರಿಸಿದರೆ ಅದು ಎಲೆಕ್ಟ್ರಾನ್ ಎಳೆದುಕೊಂಡು ಆ ಪ್ರತ್ಯಾಮ್ಲ ಗುಣವನ್ನು ತಗ್ಗಿಸುತ್ತದೆ. ಅದೇ ಸಿಮೆಟಿಡಿನ್, 1976ರಲ್ಲಿ ಮಾರುಕಟ್ಟೆಗೆ ಬಂತು. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಸಿಕ್ಕಿತು. ತಂಡದ ರಸಾಯನಶಾಸ್ತ್ರಜ್ಞರಲ್ಲಿ ಒಬ್ಬರಾದ ರಾಬಿನ್ ಗನೆಲಿನ್ 1986ರಲ್ಲಿ ಕಂಪನಿ ಬಿಟ್ಟು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಹಾಗಾಗಿ ಕಂಪನಿಯೋ ಕಾಲೇಜೋ ಅಂತ ಈಗಲೇ ತೀರ್ಮಾನಿಸಬೇಕಾಗಿಲ್ಲ.

ಕ್ಲಾಸಿನಲ್ಲಿ ಇಂಥ ಕಥೆ ಹೇಳುವಾಗ ವಿದ್ಯಾರ್ಥಿಗಳು ಕೇಳುವ 'ಯಾಕೆ' ಇದೆಯಲ್ಲ, ಅದು ಲ್ಯಾಬಿಗೂ ನನ್ನ ಹಿಂದೆಯೇ ಬರುತ್ತದೆ. ಮುಂದಿನ ಅಣು ಮಾಡುವ ಮೊದಲು, ಇದನ್ನು ಯಾಕೆ ಮಾಡುತ್ತಿದ್ದೇನೆ, ಫಲಿಸದಿದ್ದರೆ ಏನು ಗೊತ್ತಾಗುತ್ತದೆ ಅಂತ ಬರೆದಿಡುವುದು ಅಲ್ಲಿಂದ ಬಂದ ರೂಢಿ. ನಾವು ಮಾಡುವ ಅಣುಗಳಲ್ಲಿ ಬಹುಪಾಲು ಔಷಧ ಆಗುವುದೇ ಇಲ್ಲ. ಇಡೀ ವೃತ್ತಿಯಲ್ಲಿ ಒಂದೂ ಆಗದಿರಬಹುದು. ಅದನ್ನು ಒಪ್ಪಿಕೊಳ್ಳಲು ಆಗದಿದ್ದರೆ ಈ ದಾರಿ ಕಷ್ಟ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಅನುದಾನದ ಅರ್ಜಿ ಇವೆಲ್ಲ ಸಮಯ ತಿನ್ನುತ್ತವೆ, ಅದು ಎಲ್ಲಾ ಕಡೆ ಇದ್ದದ್ದೇ.

ನಿಮಗೆ ಮನಸ್ಸಿದ್ದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಗಟ್ಟಿ ಮಾಡಿಕೊಳ್ಳಿ, ಜೊತೆಗೆ ಫಾರ್ಮಕಾಲಜಿ (ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಶಾಸ್ತ್ರ) ಓದಿ. ಪಿಎಚ್‌ಡಿ ಗೈಡ್ ಹುಡುಕುವಾಗ ಅವರ ಪೇಪರ್ ಎಷ್ಟು ಅಂತ ಸುಮ್ನೆ ಎಣಿಸಬೇಡಿ. ಅವರ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ, ರಿಯಾಕ್ಷನ್ ಕೆಟ್ಟ ದಿನ ಅವರು ಹೇಗೆ ಮಾತಾಡುತ್ತಿದ್ದರು ಅಂತ ಕೇಳಿ.