ವಯಸ್ಸಿನ ನಂಬರ್ ಹೇಳೋದೆಷ್ಟು, ಬಿಡೋದೆಷ್ಟು? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಇಂಗ್ಲೆಂಡಿನಲ್ಲಿದ್ದೇವೆ. ಮಗನಿಗೆ 11 ವರ್ಷ, ಊಟ ಬಿಟ್ಟರೂ ಫುಟ್‌ಬಾಲ್ ಬಿಡಲ್ಲ. ಇಂಗ್ಲೆಂಡ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿದ್ದ ಗ್ಯಾರೆತ್ ಸೌತ್‌ಗೇಟ್ ಬಗ್ಗೆ ಬಂದ ‘ಡಿಯರ್ ಇಂಗ್ಲೆಂಡ್’ ನಾಟಕವನ್ನು ಶೂಟ್ ಮಾಡಿ ಸಿನಿಮಾ ಥಿಯೇಟರಿನಲ್ಲಿ ತೋರಿಸ್ತಾರಲ್ಲ, ಅದಕ್ಕೆ ಕರೆದುಕೊಂಡು ಹೋಗು ಅಂತ ಹಟ ಮಾಡುತ್ತಿದ್ದಾನೆ. ಅದರಲ್ಲಿ ಬೈಗುಳ ಜಾಸ್ತಿ ಅಂತ ಸ್ನೇಹಿತೆ ಹೇಳಿದಳು. 12ಎ, 15 ಅಂತೆಲ್ಲ ವಯಸ್ಸಿನ ನಂಬರ್ ಹಾಕ್ತಾರಲ್ಲ, ಅದನ್ನು ಎಷ್ಟು ನಂಬಬೇಕು? ನಾಟಕ ಅಂದಮೇಲೆ ಸಿನಿಮಾದಷ್ಟು ಕಟ್ಟುನಿಟ್ಟು ಇರಲ್ಲ ಅಲ್ವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ರಂಗದ ಮೇಲೆ ಆಡುವಾಗ ನಿಮ್ಮ ಮಾತು ನಿಜ. ಬ್ರಿಟನ್ನಿನಲ್ಲಿ ನಾಟಕಗಳ ಸೆನ್ಸಾರ್ 1968ರಲ್ಲೇ ಹೋಯಿತು. ಅಲ್ಲಿಂದ ಈಚೆಗೆ ಇಷ್ಟು ವಯಸ್ಸಿನವರಿಗೆ ಸರಿ ಅಂತ ಹೇಳೋದು ನಾಟಕ ಮಾಡುವವರೇ, ಅದು ಬರೀ ಸಲಹೆ. ಆದರೆ ಸಿನಿಮಾ ಥಿಯೇಟರಿನ ಪರದೆ ಮೇಲೆ ಬಿಬಿಎಫ್‌ಸಿ (ಸಿನಿಮಾಗಳಿಗೆ ವಯಸ್ಸಿನ ನಂಬರ್ ಕೊಡುವ ಬ್ರಿಟನ್ನಿನ ಬೋರ್ಡ್) ಕೊಟ್ಟ ನಂಬರ್ ಇದ್ದರೆ ಅದು ಸಲಹೆಯಲ್ಲ, ಒಳಗೆ ಬಿಡುವುದಕ್ಕೂ ಬಿಡದಿರುವುದಕ್ಕೂ ಅದೇ ಆಧಾರ. 12ಎ ಇದ್ದರೆ 12 ತುಂಬದ ಮಗುವನ್ನು ದೊಡ್ಡವರು ಜೊತೆಗಿದ್ದು ಕರೆದೊಯ್ಯಬಹುದು. 15 ಅಂತಿದ್ದರೆ ಮಾತೇ ಮುಗಿಯಿತು, ಅಪ್ಪ ಅಮ್ಮ ಇಬ್ಬರೂ ಪಕ್ಕದಲ್ಲಿದ್ದರೂ ಬಿಡುವುದಿಲ್ಲ. ಅದಕ್ಕೇ ಟಿಕೆಟ್ ತೆಗೆಯುವ ಮುಂಚೆ ಆ ಶೋ ಪಕ್ಕದಲ್ಲಿರುವ ನಂಬರ್ ನೋಡಿ. ಮಗನಿಗೆ ಆಸೆ ಹುಟ್ಟಿಸಿ, ಬಾಗಿಲ ತನಕ ಹೋಗಿ ವಾಪಸ್ ಬರುವ ಹಾಗಾಗಬಾರದು.

ಇನ್ನು ನಂಬರ್ ಕೆಳಗೆ ಒಂದು ಚಿಕ್ಕ ಸಾಲು ಇರುತ್ತದೆ. ನನ್ನ ಮಟ್ಟಿಗೆ ನಂಬರ್‌ಗಿಂತ ಅದೇ ಮುಖ್ಯ. ಅದರಲ್ಲಿ ‘ಸ್ಟ್ರಾಂಗ್ ಲಾಂಗ್ವೇಜ್’ ಅಂದರೆ ಸುಮ್ನೆ ಒರಟು ಮಾತು ಅಂತಲ್ಲ, ಎಫ್ ಅಕ್ಷರದ ಬೈಗುಳ ಇದೆ ಅಂತಲೇ ಓದಿಕೊಳ್ಳಬೇಕು. 12ಎಯಲ್ಲಿ ಅದಕ್ಕೆ ತುಂಬಾ ಮಿತಿ ಇದೆ, ಎಷ್ಟು ಸಲ ಬಂತು, ಯಾರು ಯಾರಿಗೆ ಯಾವ ಸಿಟ್ಟಿನಲ್ಲಿ ಹೇಳಿದರು ಅಂತೆಲ್ಲ ನೋಡುತ್ತಾರೆ. 15ರಲ್ಲಿ ಧಾರಾಳವಾಗಿ ಬರಬಹುದು. ಬಿಬಿಎಫ್‌ಸಿ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಇನ್ನೂ ಉದ್ದದ ವಿವರಣೆ ಸಿಗುತ್ತದೆ. ಕಥೆ ಸ್ವಲ್ಪ ಬಿಟ್ಟುಕೊಡಬಹುದು, ಆದರೂ ಪರವಾಗಿಲ್ಲ, ಓದಿ.

ಬೈಗುಳದ ಬಗ್ಗೆ ನೀವು ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಫುಟ್‌ಬಾಲ್ ಮೈದಾನಕ್ಕೆ ಹೋಗುವ ಹುಡುಗ ಅವನ್ನೆಲ್ಲ ಆಗಲೇ ಕೇಳಿರುತ್ತಾನೆ. ನನಗೆ ಯೋಚನೆ ಇರೋದು ಬೇರೆ ಕಡೆ. ಈ ನಾಟಕ ಶುರುವಾಗುವುದೇ ಒಂದು ಪೆನಾಲ್ಟಿ ತಪ್ಪಿದ ನೋವಿನಿಂದ. 1996ರ ಯೂರೋ ಕಪ್ (ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿ) ಸೆಮಿಫೈನಲ್, ವೆಂಬ್ಲಿ ಮೈದಾನ, ಎದುರಿಗೆ ಜರ್ಮನಿ, ಸೌತ್‌ಗೇಟ್ ಹೊಡೆದ ಚೆಂಡನ್ನು ಗೋಲ್‌ಕೀಪರ್ ತಡೆದ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಮನುಷ್ಯ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿ ಬಂದು, ಪಿಪ್ಪಾ ಗ್ರೇಂಜ್ ಅನ್ನೋ ಮನಶ್ಶಾಸ್ತ್ರಜ್ಞೆಯ ಜೊತೆ ಸೇರಿ, ಹುಡುಗರ ಮನಸ್ಸಿನಲ್ಲಿರುವ ಹೆದರಿಕೆಯನ್ನು ಮಾತಿನಲ್ಲಿ ಹೊರಗೆ ತರಿಸುತ್ತಾರೆ. ಈ ಭಾಗ ನಿಮ್ಮ ಮಗನಿಗೆ ತುಂಬಾ ಹಿಡಿಸುತ್ತದೆ, ಒಳ್ಳೆಯದನ್ನೂ ಮಾಡುತ್ತದೆ. ಆದರೆ ಕಥೆ 2021ರ ಯೂರೋ ಕಪ್ ಫೈನಲ್‌ಗೂ ಬರುತ್ತದೆ. ಇಟಲಿ ಎದುರು ಇಂಗ್ಲೆಂಡಿನ ಕಪ್ಪು ಆಟಗಾರರಾದ ರ‍್ಯಾಶ್‌ಫರ್ಡ್, ಸ್ಯಾಂಚೋ, ಸಾಕಾ ಮೂವರೂ ಪೆನಾಲ್ಟಿ ತಪ್ಪಿಸಿದರು, ಅವತ್ತು ರಾತ್ರಿಯೇ ಆನ್‌ಲೈನಿನಲ್ಲಿ ಅವರ ಬಣ್ಣ ಹಿಡಿದು ಜನ ಬೈದರು. ಸಾಕಾಗೆ ಆಗ ಬರೀ 19 ವರ್ಷ.

ಇಂಗ್ಲೆಂಡಿನಲ್ಲಿ ಚೆಂಡು ಒದೆಯುವ ಕಂದು ಬಣ್ಣದ ಹುಡುಗನಿಗೆ ಇದು ಯಾರದೋ ಕಥೆ ಆಗಿ ಉಳಿಯಲ್ಲ. ತಾನು ಗೆದ್ದರೆ ಇವರ ಹುಡುಗ, ಸೋತರೆ ಹೊರಗಿನವನು ಅನ್ನೋ ಭಯ ಅವನಿಗೂ ಬರಬಹುದು, ಅಥವಾ ಆಗಲೇ ಒಳಗೆ ಇದ್ದರೂ ಇರಬಹುದು. ಚಿಕ್ಕ ಸಾಲಿನಲ್ಲಿ ‘ಡಿಸ್ಕ್ರಿಮಿನೇಷನ್’ (ಭೇದಭಾವ) ಅಂತ ಬರೆದರೆ ಅಷ್ಟಕ್ಕೆ ಬೋರ್ಡಿನ ಕೆಲಸ ಆಯಿತು. ಅದು ನಿಮ್ಮ ಮಗನಿಗೆ ಎಷ್ಟು ತಟ್ಟುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಹೋಗುವ ಮುಂಚೆಯೇ ಆ ರಾತ್ರಿ ಏನಾಯಿತು ಅಂತ ನೀವೇ ಅವನಿಗೆ ಹೇಳಿ. ಮರೆಮಾಚಬೇಡಿ. ಮ್ಯಾಂಚೆಸ್ಟರಿನ ವಿದಿಂಗ್ಟನ್‌ನಲ್ಲಿ ರ‍್ಯಾಶ್‌ಫರ್ಡ್ ಅವರ ಗೋಡೆ ಚಿತ್ರವನ್ನು ಯಾರೋ ಹಾಳುಮಾಡಿದ್ದು, ಆಮೇಲೆ ಊರಿನ ಜನ ಬಂದು ಅದರ ಮೇಲೆಲ್ಲ ಪ್ರೀತಿಯ ಚೀಟಿ ಅಂಟಿಸಿದ್ದು, ಎರಡನ್ನೂ ಹೇಳಿ. ನೋಡಿ ಬಂದಮೇಲೆ ಅವನಾಗೇ ಮಾತಾಡುವ ತನಕ ಕಾಯಿರಿ, ಕೆಲವು ಮಕ್ಕಳು ಎರಡು ದಿನ ಬಿಟ್ಟು ಕೇಳುತ್ತಾರೆ. ನಾಟಕ ಇಂಟರ್ವಲ್ ಸೇರಿ ಹತ್ತಿರ ಹತ್ತಿರ ಮೂರು ಗಂಟೆ, ರಾತ್ರಿ ಶೋ ಬೇಡ. ನಂಬರ್ 15 ಇದ್ದು ಈಗ ಆಗಲಿಲ್ಲ ಅಂದರೆ, ಮುಂದೆ ಮನೆಯಲ್ಲಿ ನೋಡುವ ಅವಕಾಶ ಸಿಕ್ಕಾಗ ಮೊದಲು ನೀವೊಬ್ಬರೇ ಪೂರ್ತಿ ನೋಡಿ, ಆಮೇಲೆ ಅವನ ಜೊತೆ ಕೂತುಕೊಳ್ಳಿ. ಮನೆಯ ಬಾಗಿಲಲ್ಲಿ ಟಿಕೆಟ್ ಹರಿಯುವವರು ಇರಲ್ಲ, ಅಲ್ಲಿ ತೀರ್ಮಾನ ನಿಮ್ಮದೇ.

ಪ್ರಶ್ನೆ: ನಾನು ಶಿವಮೊಗ್ಗ ಕಡೆಯ ಹೈಸ್ಕೂಲ್ ಮೇಷ್ಟ್ರು. ನಮ್ಮ ಮಕ್ಕಳು ಫುಟ್‌ಬಾಲ್ ಬಗ್ಗೆ ಆಡಿದ ನಾಟಕವನ್ನು ಯೂಟ್ಯೂಬಿಗೆ ಹಾಕಬೇಕು. ಸೋತ ಹುಡುಗನಿಗೆ ಹೊಡೆಯುವ ದೃಶ್ಯ ಇದೆ. ‘ಯುಎ 13+’ ಅಂತ ಹಾಕಬಹುದಾ?

ಉತ್ತರ: ಬೇಡ ಸರ್. ಸಿನಿಮಾಕ್ಕೆ ಯುಎ 7+, 13+, 16+ ಅನ್ನೋದನ್ನು ಕೊಡುವುದು ಸೆನ್ಸಾರ್ ಬೋರ್ಡ್. 2023ರಲ್ಲಿ ಕಾಯ್ದೆ ತಿದ್ದಿ ಹಳೆಯ ಯುಎಯನ್ನು ಹೀಗೆ ಮೂರು ಮಾಡಿದರು. ಅವರು ಕೊಡದ ಗುರುತನ್ನು ನಾವಾಗೇ ಹಾಕಿಕೊಳ್ಳಬಾರದು. ಯೂಟ್ಯೂಬಿಗೆ ಹಾಕಲು ಆ ಸರ್ಟಿಫಿಕೇಟ್ ಬೇಕಾಗಿಯೂ ಇಲ್ಲ. ಅದರ ಬದಲು ವಿಡಿಯೋ ಕೆಳಗೆ ನೇರವಾಗಿ ಬರೆಯಿರಿ: ‘ಇದರಲ್ಲಿ ಒಬ್ಬ ಹುಡುಗನಿಗೆ ಜೊತೆಯವರು ಹೊಡೆಯುವ, ಅವಮಾನ ಮಾಡುವ ದೃಶ್ಯ ಇದೆ. ಚಿಕ್ಕ ಮಕ್ಕಳ ಜೊತೆ ದೊಡ್ಡವರು ಕೂತು ನೋಡಿ.’ ಇದನ್ನು ಓದಿದ ತಾಯಿಗೆ 13+ಗಿಂತ ಎಷ್ಟೋ ಜಾಸ್ತಿ ತಿಳಿಯುತ್ತದೆ. ಮತ್ತೆ, ಕಾಮೆಂಟ್ ಬಂದ್ ಮಾಡಿಬಿಡಿ. ಆ ಪಾತ್ರ ಮಾಡಿದ ಹುಡುಗನ ಮುಖ ಅದರಲ್ಲಿದೆ, ಅವನ ಮನೆಯವರು ಒಪ್ಪಿದ ಮೇಲೇ ಅಪ್‌ಲೋಡ್ ಮಾಡಿ.