ಹಡಗಿನ ಎಡಿಸಿಪಿ (ಶಬ್ದದ ಅಲೆ ಬಿಟ್ಟು ನೀರಿನ ಹರಿವು ಅಳೆಯುವ ಸಾಧನ) ಡೇಟಾದಿಂದ ಉಬ್ಬರವಿಳಿತ ಕಳೆಯಲು ಯಾವ ಮಾಡೆಲ್ ಒಳ್ಳೆಯದು?

ನಿಮ್ಮ ಹಾಗೆ ನಾನೂ ತುಮಕೂರಿನಲ್ಲೇ ಕೂತು ಅರಬ್ಬಿ ಸಮುದ್ರದ ಡೇಟಾ ಜೊತೆ ಗುದ್ದಾಡಿದವನು. ಮಾಡೆಲ್ ವಿಷಯ ಆಮೇಲೆ. ಮೊದಲು ನಿಮ್ಮ ಫೈಲಿನ ಸಮಯ ನೋಡಿ.

ನನ್ನ ಹತ್ತಿರ ಇದ್ದದ್ದು ಗುಜರಾತ್ ಕರಾವಳಿಯಾಚೆ ಹಡಗು ಒಂದೇ ಸಲ ಸಾಗಿದ ದಾರಿಯ ಡೇಟಾ. ಅಲ್ಲಿ ಉಬ್ಬರವಿಳಿತದ ಸೆಳೆತ ಬಹಳ ಜೋರು. ಎಸ್.ಎಸ್.ಪುರಂ ರೂಮಿನಲ್ಲಿ ಉಬ್ಬರವಿಳಿತ ಲೆಕ್ಕ ಹಾಕುವ ಮಾಡೆಲ್ ಆದ ಟಿಪಿಎಕ್ಸ್‌ಒ ಓಡಿಸಿ, ಬಂದದ್ದನ್ನು ಅಳತೆಯಿಂದ ಕಳೆದೆ. ನಕ್ಷೆಯಲ್ಲಿ ಬಾಣಗಳು ಒಂದಷ್ಟು ದೂರ ಉತ್ತರಕ್ಕೆ, ಆಮೇಲೆ ದಕ್ಷಿಣಕ್ಕೆ. ದೊಡ್ಡ ಸುಳಿ ಸಿಕ್ಕಿತು ಅಂತ ಒಂದು ಅಧ್ಯಾಯವನ್ನೇ ಬರೆದೆ.

ಅಲ್ಲಿ ಸುಳಿಯೇ ಇರಲಿಲ್ಲ. ಮಾಡೆಲ್ ಕೇಳುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ; ನಾನು ಕೊಟ್ಟದ್ದು ನಮ್ಮ ಭಾರತೀಯ ಸಮಯ. ಐದೂವರೆ ಗಂಟೆ ವ್ಯತ್ಯಾಸ. ಸ್ವಲ್ಪ ಆಚೀಚೆ ಆಗುತ್ತದೆ ಅಷ್ಟೇ ಅಂದುಕೊಳ್ಳಬೇಡಿ. ಚಂದ್ರನಿಂದಾಗುವ ಮುಖ್ಯ ಉಬ್ಬರವಿಳಿತ ಎಂ2, ಅದರ ಸುತ್ತು 12.42 ಗಂಟೆ. ಅರ್ಧ ಸುತ್ತು ಅಂದರೆ 6.2 ಗಂಟೆ. ಐದೂವರೆ ಗಂಟೆ ತಪ್ಪಿದರೆ ಹೆಚ್ಚುಕಡಿಮೆ ಅರ್ಧ ಸುತ್ತೇ ತಪ್ಪಿತು ಅಲ್ವಾ? ನೀರು ಉತ್ತರಕ್ಕೆ ಹೋಗುವಾಗ ನನ್ನ ಮಾಡೆಲ್ ದಕ್ಷಿಣ ಅನ್ನುತ್ತಿತ್ತು. ಎದುರು ದಿಕ್ಕಿನದ್ದನ್ನು ಕಳೆದರೆ ಅದು ಕೂಡಿದ ಲೆಕ್ಕ. ಉಬ್ಬರವಿಳಿತ ಹೋಗುವ ಬದಲು ಸುಮಾರು ಎರಡರಷ್ಟಾಯಿತು. ಇನ್ನು ಹಡಗು ನಿಂತಿರಲಿಲ್ಲ. ಗಂಟೆಗೆ 18 ಕಿ.ಮೀ. ಓಡಿದರೆ ಆ ಅರ್ಧ ಸುತ್ತಿನಲ್ಲಿ ಸುಮಾರು 112 ಕಿ.ಮೀ. ದಾಟುತ್ತದೆ. ಹೊತ್ತಿಗೆ ತಕ್ಕಂತೆ ತಿರುಗಿದ ನೀರು ನಕ್ಷೆಯಲ್ಲಿ ಜಾಗಕ್ಕೆ ತಕ್ಕಂತೆ ತಿರುಗಿದ ಹಾಗೆ ಕಾಣುತ್ತದೆ. ನನ್ನ ಸುಳಿ ಇಷ್ಟೇ. ಅಧ್ಯಾಯ ಹೋಯಿತು, ಜೊತೆಗೆ ಸೆಮಿಸ್ಟರ್ ಕೂಡ.

ಹಾಗಾಗಿ ಕಳೆಯುವ ಮುಂಚಿನ, ಕಳೆದ ಮೇಲಿನ ಗ್ರಾಫ್ ಎರಡನ್ನೂ ಒಟ್ಟಿಗೆ ಹಾಕಿ ನೋಡಿ. ಏರಿಳಿತ ಕಡಿಮೆಯಾಗಬೇಕು. ಜಾಸ್ತಿಯಾದರೆ ಮಾಡೆಲ್ ಬದಲಾಯಿಸುತ್ತಾ ಕೂರಬೇಡಿ, ಸಮಯ ನೋಡಿ.

ಮಾಡೆಲ್ ಬಿಟ್ಟು ಎರಡು ದಿನದ ಡೇಟಾಗೇ ಉಬ್ಬರವಿಳಿತದ ಅಲೆಗಳನ್ನು ಹೊಂದಿಸಿ ಫಿಟ್ ಮಾಡಲೇ ಅಂತಲೂ ಕೇಳಿದ್ದೀರಿ. ಬೇಡ. ಎಂ2 ಮತ್ತು ಸೂರ್ಯನ ಎಸ್2 ಎರಡನ್ನೂ ಬೇರೆ ಮಾಡಲು ಸಾಮಾನ್ಯವಾಗಿ 14.8 ದಿನದ ಡೇಟಾ ಬೇಕು. ಹಡಗು ಒಂದೇ ಗೆರೆಯ ಮೇಲೆ 25 ಗಂಟೆ ಹೋಗಿ ಬಂದು ಮಾಡಿದ್ದರೆ ಆ ಮಾತು ಬೇರೆ, ಆಗ ನಾನೂ ಫಿಟ್ ಮಾಡುತ್ತೇನೆ. ಟಿಪಿಎಕ್ಸ್‌ಒ ಬಳಸಿದರೆ ಅದರ ಆಳವನ್ನು ನಂಬಬೇಡಿ. ಅದು ಕೊಡುವ ಒಟ್ಟು ಸಾಗಣೆಯನ್ನು (ಹರಿವಿನ ವೇಗವನ್ನು ಆಳದಿಂದ ಗುಣಿಸಿದ್ದು) ಹಡಗಿನ ಎಕೋಸೌಂಡರ್ ತೋರಿಸಿದ ಆಳದಿಂದ ಭಾಗಿಸಿ.

ಇನ್ನೊಂದು ಮಾತು. ಕಳೆದು ಉಳಿದದ್ದನ್ನೆಲ್ಲ 'ಉಬ್ಬರವಿಳಿತವಲ್ಲದ ಹರಿವು' ಅಂತ ಬರೆದುಬಿಡಬೇಡಿ. ಈ ಮಾಡೆಲ್‌ನಲ್ಲಿರುವುದು ಮೇಲಿಂದ ತಳದವರೆಗಿನ ಸರಾಸರಿ ಹರಿವು ಮಾತ್ರ. ಆಳಕ್ಕೆ ತಕ್ಕಂತೆ ದಿಕ್ಕು ಬದಲಿಸುವ ಒಳಗಿನ ಉಬ್ಬರವಿಳಿತ ಅದರಲ್ಲಿಲ್ಲ, ಅದು ನಿಮ್ಮ ಡೇಟಾದಲ್ಲೇ ಉಳಿದಿರುತ್ತದೆ.