ಡಿಸೆಂಬರ್‌ನಲ್ಲಿ ಹೊನೊಲುಲು: ನಾರ್ತ್ ಶೋರ್ ಬೇಡ, ವೈಕೀಕಿ ಸಾಕು

ಮೂಲ್ಕಿಯಲ್ಲಿ 4 ದಿನ ಸರ್ಫಿಂಗ್ ಕಲಿತಿದ್ದೀನಿ, ಡಿಸೆಂಬರ್‌ನಲ್ಲಿ ಹವಾಯಿಯ ಹೊನೊಲುಲುಗೆ ಹೋದಾಗ ಆ ದ್ವೀಪದ ಉತ್ತರ ದಡವಾದ ನಾರ್ತ್ ಶೋರ್‌ನಲ್ಲಿ ಇಳಿಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಇಳಿಯಬೇಡಿ. ಚಳಿಗಾಲದಲ್ಲಿ ಆ ಕಡೆ ಅಲೆಗಳು 20 ಅಡಿ ದಾಟುವುದುಂಟು. ಅಲ್ಲಿನ 'ಪೈಪ್‌ಲೈನ್' ಅನ್ನುವ ಸರ್ಫಿಂಗ್ ಜಾಗದಲ್ಲಂತೂ ನೀರಿನ ಕೆಳಗೇ ಬಂಡೆ. ಒಂದು ದಿನ ಹೋಗಿ ದಡದಲ್ಲಿ ಕೂತು ನೋಡಿ, ಅಲೆ ಒಡೆದಾಗ ಮರಳೇ ನಡುಗುತ್ತದೆ.

ನಿಮಗೆ ವೈಕೀಕಿಯೇ ಸರಿ. ಅದು ದಕ್ಷಿಣದ ದಡ, ಆ ತಿಂಗಳಲ್ಲಿ ಅಲೆ ಸಣ್ಣದು, ನಿಧಾನ. ಹೆಸರಾಂತ ಸರ್ಫರ್ ಡ್ಯೂಕ್ ಕಹಾನಮೋಕು ಪ್ರತಿಮೆಯ ಹತ್ತಿರದ 'ಕನೂಸ್' ಅನ್ನುವ ಸರ್ಫಿಂಗ್ ಜಾಗದಲ್ಲಿ ಕಲಿಯುವವರೇ ಜಾಸ್ತಿ. ಬೋರ್ಡ್ ಅಲ್ಲೇ ಬಾಡಿಗೆಗೆ ಸಿಗುತ್ತದೆ, ಸುಮ್ನೆ ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. 9 ಅಡಿಗಿಂತ ಚಿಕ್ಕದು ಬೇಡ. ಬಿದ್ದರೆ ಕಾಲು ಕೆಳಗೆ ಚಾಚದೆ ಮೈ ಚಪ್ಪಟೆ ಮಾಡಿ ಬೀಳಿ. ಕೆಳಗೆ ಹವಳದ ಬಂಡೆ ಇದೆ, ನನ್ನ ಹಿಮ್ಮಡಿ ಕೊಯ್ದು 2 ದಿನ ನೀರಿಗೆ ಇಳಿಯಲು ಆಗಲಿಲ್ಲ.

ಇನ್ನೊಂದು ಮಾತು, ಟಿಕೆಟ್ ಮಾಡಿಸುವ ಮೊದಲು ಪಂಚಾಂಗ ನೋಡಿ. ಹುಣ್ಣಿಮೆ ಕಳೆದು 8ರಿಂದ 10 ದಿನಕ್ಕೆ ಬಾಕ್ಸ್ ಜೆಲ್ಲಿ ಮೀನುಗಳು ಆ ದಡಕ್ಕೆ ಬರುತ್ತವೆ. ಕುಟುಕಿದರೆ ಉರಿ ತಡೆಯಲಾಗದು. ಸನ್‌ಸ್ಕ್ರೀನ್ ಜಿಂಕ್ ಆಕ್ಸೈಡ್‌ನದ್ದೇ ಇರಲಿ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಝೋನ್ ಅನ್ನುವ ರಾಸಾಯನಿಕ ಇರುವುದನ್ನು ಹವಾಯಿಯಲ್ಲಿ 2021ರಿಂದ ಅಂಗಡಿಗಳಲ್ಲಿ ಮಾರುವಂತಿಲ್ಲ.